ಹಿಂದಿನಿಂದ ಹೆಗಲು ಕೊಡುವ ಎಂಜಿನ್

ಘಟ್ಟದ ಏರಿನಲ್ಲಿ ರೈಲಿಗೆ ನೆರವಾಗಲೆಂದು ತಾತ್ಕಾಲಿಕವಾಗಿ ಜೋಡಿಸುವ ಹೆಚ್ಚುವರಿ ಎಂಜಿನ್ನಿಗೆ ರೈಲ್ವೆಯವರು ಬ್ಯಾಂಕರ್ ಎನ್ನುತ್ತಾರೆ. ಏರಿನ ಬುಡದ ನಿಲ್ದಾಣದಲ್ಲಿ ಅದನ್ನು ಗಾಡಿಯ ಬಾಲಕ್ಕೆ ಕಟ್ಟುತ್ತಾರೆ, ಮೇಲಿನ ನಿಲ್ದಾಣ ಮುಟ್ಟಿದ ಮೇಲೆ ಬಿಚ್ಚುತ್ತಾರೆ. ಬಂದರಿನಿಂದ ಹೊರಟ ಗೂಡ್ಸ್ ಗಾಡಿಯೊಂದು ನೂರಾರು ಕಿಲೋಮೀಟರ್ ಸಾಗಿದರೂ ಅದರಲ್ಲಿ ಬ್ಯಾಂಕರಿನ ಪಾಲು ಹತ್ತಾರು ಕಿಲೋಮೀಟರ್ ಅಷ್ಟೇ. ಆ ಸಣ್ಣ ಪಾಲು ಇಲ್ಲದಿದ್ದರೆ ಕರಾವಳಿಗೆ ಬಂದಿಳಿದ ಕಲ್ಲಿದ್ದಲು, ರಸಗೊಬ್ಬರಗಳು ತುಂಬಿದ ವ್ಯಾಗನ್‌ಗಳ ಸಾಲಿನಲ್ಲಿ, ಅಂದರೆ ರೇಕಿನಲ್ಲಿ, ಪಶ್ಚಿಮ ಘಟ್ಟ ಹತ್ತಿ ಬಯಲುಸೀಮೆಗೆ ಬರುವಂತೆಯೇ ಇಲ್ಲ.

ರೈಲಿಗೆ ಏರು ಯಾಕಿಷ್ಟು ಕಷ್ಟ ಎಂಬುದು ತಿಳಿಯಬೇಕಾದರೆ, ಸಮತಟ್ಟು ಹಾದಿ ಅದಕ್ಕೆ ಎಷ್ಟು ಸುಲಭ ಎಂಬುದನ್ನು ಮೊದಲು ನೋಡಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಎದುರಾಗುವ ತಡೆ ತೀರಾ ಕಡಿಮೆ. ನಿಧಾನವಾಗಿ ಸಾಗುವ ವ್ಯಾಗನ್ನಿನಲ್ಲಿ ಒಂದು ಟನ್ ಭಾರಕ್ಕೆ ಸುಮಾರು ಎರಡು ಕಿಲೋ ಬಲ ಸಾಕು. ಕಡಿಮೆ ಇಂಧನದಲ್ಲಿ ಅಷ್ಟೊಂದು ಸರಕು ಸಾಗುವ ಗುಟ್ಟು ಇರುವುದೇ ಇಲ್ಲಿ. ಏರು ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ನೂರು ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಮೇಲೇರುವ ಹಾದಿಯನ್ನು 100ಕ್ಕೆ 1ರ ಏರು ಎನ್ನುತ್ತಾರೆ. ಸೈಕಲ್ ತುಳಿಯುವವನಿಗೂ ಅದು ಏರೆಂದು ಅನಿಸುವುದು ಕಷ್ಟ. ಆದರೆ ರೈಲಿನ ಪ್ರತಿ ಟನ್ನಿಗೂ ಅಲ್ಲಿ ಹತ್ತು ಕಿಲೋ ಹೆಚ್ಚುವರಿ ಬಲ ಬೇಕು. 50ಕ್ಕೆ 1ರಲ್ಲಿ ಇಪ್ಪತ್ತು ಕಿಲೋ, 37ಕ್ಕೆ 1ರಲ್ಲಿ ಇಪ್ಪತ್ತೇಳು ಕಿಲೋ. ಸಾಲದ್ದಕ್ಕೆ ಘಟ್ಟದ ಹಾದಿ ತಿರುವುಗಳಿಂದಲೇ ತುಂಬಿರುತ್ತದೆ. ತಿರುವಿನಲ್ಲಿ ಗಾಲಿಯ ಅಂಚು ಹಳಿಗೆ ಉಜ್ಜುವುದರಿಂದ, ಬ್ರಾಡ್‌ಗೇಜ್‌ನಲ್ಲಿ ತಿರುವಿನ ಒಂದೊಂದು ಡಿಗ್ರಿಗೂ ಟನ್ನಿಗೆ ಸುಮಾರು 400 ಗ್ರಾಂ ತಡೆ ಸೇರುತ್ತದೆ.

ಒಂದು ಗಾಡಿಯನ್ನೇ ಲೆಕ್ಕ ಹಾಕಿ ನೋಡಬಹುದು. ಕಲ್ಲಿದ್ದಲು ತುಂಬಿದ 58 ವ್ಯಾಗನ್‌ಗಳ ರೇಕ್ ಹತ್ತಿರಹತ್ತಿರ 5,000 ಟನ್ ತೂಗುತ್ತದೆ. ಸಮತಟ್ಟಿನಲ್ಲಿ ಅದನ್ನು ಉರುಳಿಸುತ್ತಿರಲು ಹತ್ತು ಟನ್ನಿನಷ್ಟು ಬಲ ಸಾಕು. ಒಂದು ಎಂಜಿನ್ನಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ರೇಕ್ 50ಕ್ಕೆ 1ರ ಏರಿಗೆ ಬಂದಾಗ ಏರಿಗೆಂದೇ 100 ಟನ್ ಬಲ ಬೇಕು. ಉರುಳುವ ತಡೆಯನ್ನೂ ತಿರುವಿನ ತಡೆಯನ್ನೂ ಕೂಡಿಸಿದರೆ 125 ಟನ್. ಎಂಜಿನ್‌ಗಳು ತಮ್ಮ ಭಾರವನ್ನೂ ತಾವೇ ಹೊತ್ತು ಹತ್ತಬೇಕಲ್ಲ, ಅದನ್ನೂ ಸೇರಿಸಿದರೆ 140 ಟನ್ನಿನ ಹತ್ತಿರ.

ಹಾಗಾದರೆ ಇನ್ನಷ್ಟು ಹಾರ್ಸ್‌ಪವರಿನ ಒಂದೇ ಎಂಜಿನ್ ಕಟ್ಟಿದರೆ ಆಗದೇ ಎಂದರೆ, ಆಗದು. ಎಂಜಿನ್ ಎಷ್ಟು ಎಳೆಯಬಲ್ಲದು ಎಂಬುದನ್ನು ನಿಧಾನಗತಿಯಲ್ಲಿ ನಿರ್ಧರಿಸುವುದು ಅದರ ಹಾರ್ಸ್‌ಪವರ್ ಅಲ್ಲ, ಹಳಿಯ ಮೇಲೆ ಅದರ ಗಾಲಿಗೆ ಸಿಗುವ ಹಿಡಿತ. ಒಣ ಹಳಿಯಲ್ಲಿ ಈ ಹಿಡಿತ ಎಂಜಿನ್ನಿನ ತೂಕದ ಶೇಕಡಾ 30ರ ಆಸುಪಾಸು. ಭಾರತದಲ್ಲಿ ಗೂಡ್ಸ್ ಗಾಡಿಗಳಿಗೆ ಬಹುಕಾಲದಿಂದ ದುಡಿಯುತ್ತಿರುವ ಡಬ್ಲ್ಯುಎಜಿ-7 ಎಂಬ ವಿದ್ಯುತ್ ಎಂಜಿನ್ 123 ಟನ್ ತೂಗುತ್ತದೆ. ಅಂದರೆ ಅದು ನೆಚ್ಚಿಕೊಳ್ಳಬಹುದಾದ ಎಳೆತ 37 ಟನ್ನಿನಷ್ಟು. ಗಾಲಿಯ ಜಾರಾಟವನ್ನು ಕ್ಷಣಕ್ಷಣಕ್ಕೂ ಪತ್ತೆಹಚ್ಚಿ ಮೋಟಾರನ್ನು ಹದಕ್ಕೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುವ ಹೊಸ ಎಂಜಿನ್‌ಗಳು ಹೊರಡುವಾಗ ಶೇಕಡಾ 40ರ ತನಕವೂ ಹೋಗುತ್ತವೆ. ಅದರಾಚೆಗೆ ಎಷ್ಟು ಶಕ್ತಿ ಊಡಿದರೂ ಗಾಲಿ ನಿಂತಲ್ಲೇ ತಿರುಗಿ ಹಳಿ ಸವೆಯುತ್ತದೆಯೇ ಹೊರತು ಗಾಡಿ ಮುಂದೆ ಹೋಗದು. ಎಂಜಿನ್ನನ್ನೇ ಇನ್ನಷ್ಟು ಭಾರ ಮಾಡೋಣವೆಂದರೆ ಹಳಿ, ಸೇತುವೆಗಳು ತಾಳಿಕೊಳ್ಳುವ ಭಾರಕ್ಕೂ ಮಿತಿಯುಂಟು. ಉಳಿಯುವುದು ಒಂದೇ ದಾರಿ: ಎಂಜಿನ್‌ಗಳ ಸಂಖ್ಯೆ ಹೆಚ್ಚಿಸುವುದು.

ಮಳೆಗಾಲದಲ್ಲಿ ಈ ಹಿಡಿತ ಇನ್ನಷ್ಟು ಕುಸಿಯುತ್ತದೆ. ಅದರಲ್ಲೂ ಜಡಿಮಳೆಗಿಂತ ಜಿನುಗುಮಳೆಯೇ ಹೆಚ್ಚು ಕಾಡುತ್ತದೆ. ಜೋರು ಮಳೆ ಹಳಿಯನ್ನು ತೊಳೆದು ಶುಚಿ ಮಾಡುತ್ತದೆ. ಜಿನುಗು ಹನಿ, ಇಬ್ಬನಿಗಳು ಹಳಿಯ ಮೇಲಿನ ತುಕ್ಕು, ಎಣ್ಣೆ ಜಿಡ್ಡು, ಧೂಳಿನೊಂದಿಗೆ ಬೆರೆತು ತೆಳುವಾದ ಲೋಳೆಯಂಥ ಪದರ ಕಟ್ಟುತ್ತವೆ. ಕಾಡಿನ ನಡುವೆ ಹಾದಿ ಇದ್ದಲ್ಲಿ ಬಿದ್ದ ಎಲೆಗಳ ರಸವೂ ಸೇರುತ್ತದೆ. ಇದಕ್ಕೆ ಇಂದಿಗೂ ಮರಳೇ ಮದ್ದು. ಎಲ್ಲ ಎಂಜಿನ್‌ಗಳಲ್ಲೂ ಒಣಗಿಸಿದ ಮರಳಿನ ಪೆಟ್ಟಿಗೆಗಳಿರುತ್ತವೆ. ಗಾಲಿ ಜಾರತೊಡಗಿದಾಗ ಎಂಜಿನ್ ಚಾಲಕ, ಅಂದರೆ ಲೋಕೊ ಪೈಲಟ್, ಗುಂಡಿ ಒತ್ತಿದರೆ ಗಾಳಿಯ ಒತ್ತಡಕ್ಕೆ ಮರಳು ಗಾಲಿಯ ಮುಂದೆ ಹಳಿಯ ಮೇಲೆ ಚಿಮ್ಮುತ್ತದೆ. ಕಂಪ್ಯೂಟರ್ ಹೊತ್ತ ಎಂಜಿನ್ನಿನ ಯಶಸ್ಸೂ ಕೊನೆಗೆ ಒಂದು ಬೊಗಸೆ ಒಣ ಮರಳಿನ ಮೇಲೆ ನಿಂತಿರುವುದು ಘಟ್ಟದ ರೈಲಿನ ವಿಶೇಷ.

ನಾಲ್ಕೈದು ಎಂಜಿನ್ ಬೇಕೇಬೇಕು ಎಂದಾದ ಮೇಲೆ, ಅಷ್ಟನ್ನೂ ಮುಂದೆಯೇ ಕಟ್ಟಬಾರದೇಕೆ? ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ಇದಕ್ಕೆ ಒಪ್ಪುವುದಿಲ್ಲ. ಎಲ್ಲ ಎಂಜಿನ್‌ಗಳೂ ಮುಂದಿದ್ದರೆ, ಮೊದಲ ವ್ಯಾಗನ್ನಿನ ಕಪ್ಲಿಂಗಿಗೆ ಇಡೀ ರೇಕಿನ ಭಾರ ಜೋತುಬೀಳುತ್ತದೆ. ಎರಡನೆಯದಕ್ಕೆ ಒಂದು ವ್ಯಾಗನ್ನಿನಷ್ಟು ಕಡಿಮೆ, ಮೂರನೆಯದಕ್ಕೆ ಇನ್ನಷ್ಟು ಕಡಿಮೆ. ಬಾಲದ ಕಡೆಯವು ಹಾಯಾಗಿರುತ್ತವೆ. ಹೀಗೆ ಹಿಗ್ಗಿಸಿಕೊಂಡು ಏರುವಾಗ ಎಲ್ಲೋ ಒಂದು ಕಡೆ ಜಗ್ಗು ಬಿದ್ದರೂ ಮುಂದಿನ ಕಪ್ಲಿಂಗ್ ತುಂಡಾಗಬಹುದು. ಎಂಜಿನ್‌ಗಳನ್ನು ಹಂಚಿ ಅರ್ಧದಷ್ಟು ಬಲವನ್ನು ಹಿಂದಿನಿಂದ ಕೊಟ್ಟರೆ ಮುಂದಿನ ಅರ್ಧ ಗಾಡಿ ಎಳೆತದಲ್ಲೂ ಹಿಂದಿನ ಅರ್ಧ ತಳ್ಳುವಿಕೆಯಲ್ಲೂ ಇದ್ದು, ಯಾವ ಕಪ್ಲಿಂಗಿನ ಮೇಲೂ ಅತಿಭಾರ ಬೀಳದು. ನಡುವೆ ಎಲ್ಲೋ ಒಂದು ಕಪ್ಲಿಂಗಿನಲ್ಲಿ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಏರು, ತಿರುವು ಬದಲಾದಂತೆಲ್ಲ ಆ ಜಾಗ ಹಿಂದೆ ಮುಂದೆ ಸರಿಯುತ್ತಿರುತ್ತದೆ.

ತಿರುವಿನದು ಇನ್ನೊಂದು ಕಾರಣ. ಬಿಗಿಯಾಗಿ ಎಳೆದ ಹಗ್ಗ ನೇರವಾಗಲು ಹವಣಿಸುವಂತೆ, ವಿಪರೀತ ಎಳೆತಕ್ಕೆ ಸಿಕ್ಕ ಗಾಡಿ ತಿರುವಿನಲ್ಲಿ ಒಳಗಡೆಗೆ ವಾಲುತ್ತದೆ. ನಡುವೆ ಖಾಲಿ ವ್ಯಾಗನ್‌ಗಳಿದ್ದರೆ ಅವು ಒಳಹಳಿಯ ಮೇಲೆ ಮಗುಚಲೂಬಹುದು. ಅತಿಯಾಗಿ ತಳ್ಳಿದರೆ ಇದರ ತಿರುವುಮುರುವು: ವ್ಯಾಗನ್‌ಗಳು ಹೊರಗಡೆಗೆ ಒತ್ತರಿಸಿಕೊಂಡು ಹಳಿ ಬಿಡುವ ಅಪಾಯ. ಆದ್ದರಿಂದ ಮುಂದೆಷ್ಟು, ಹಿಂದೆಷ್ಟು ಎಂಬುದನ್ನು ಆಯಾ ಘಟ್ಟಕ್ಕೆ ತಕ್ಕಂತೆ ಮೊದಲೇ ಗೊತ್ತುಮಾಡಿರುತ್ತಾರೆ. ಅಮೆರಿಕದ ಉದ್ದ ಗಾಡಿಗಳಲ್ಲಿ ನೆರವಿನ ಎಂಜಿನ್ನನ್ನು ಬಾಲಕ್ಕೆ ಕಟ್ಟದೆ ರೇಕಿನ ನಡುವೆಯೇ ಸೇರಿಸುವ ರೂಢಿಯೂ ಇದೆ. ಹಿಂದಿನ ಎಂಜಿನ್ನಿನಿಂದ ಸಿಗುವ ಮತ್ತೊಂದು ಭದ್ರತೆ ಹಳೆಯ ಕಾಲದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿತ್ತು. ಏರಿನಲ್ಲಿ ಕಪ್ಲಿಂಗ್ ಕಡಿದರೆ ಹಿಂದಿನ ವ್ಯಾಗನ್‌ಗಳು ಇಳಿಜಾರಿಗೆ ಓಡದಂತೆ ತಡೆಯಲು ಬೆನ್ನ ಹಿಂದೆ ಎಂಜಿನ್ ಇರುತ್ತಿತ್ತು. ಈಗ ಬ್ರೇಕಿನ ಗಾಳಿಯ ಕೊಳವೆ ಹರಿದ ಕ್ಷಣವೇ ಎಲ್ಲ ವ್ಯಾಗನ್‌ಗಳ ಬ್ರೇಕೂ ತಾನಾಗಿ ಬೀಳುತ್ತದೆ, ಆದರೂ ಬ್ಯಾಂಕರಿನ ಆ ಆಸರೆ ಬೇಡವಾಗಿಲ್ಲ.

ಈ ಪದ್ಧತಿ ರೈಲಿನಷ್ಟೇ ಹಳೆಯದು ಎನ್ನಬಹುದು. ಇಂಗ್ಲೆಂಡಿನ ಬ್ರೋಮ್ಸ್‌ಗ್ರೋವ್ ಬಳಿಯ ಲಿಕಿ ಏರಿನಲ್ಲಿ, ಸುಮಾರು ಎರಡು ಮೈಲಿ ಉದ್ದಕ್ಕೂ 37.7ಕ್ಕೆ 1ರಂತೆ ಹತ್ತುವ ನೇರ ಹಾದಿಯಲ್ಲಿ, 1840ರಿಂದಲೂ ನೆರವಿನ ಎಂಜಿನ್‌ಗಳು ದುಡಿದಿವೆ. ಈ ಒಂದು ಏರಿಗಾಗಿಯೇ ಡರ್ಬಿಯ ಕಾರ್ಖಾನೆ 1919ರಲ್ಲಿ ಹತ್ತು ಚಾಲಕ ಗಾಲಿಗಳ ದೈತ್ಯ ಉಗಿ ಎಂಜಿನ್ನೊಂದನ್ನು ಕಟ್ಟಿತು. 'ಬಿಗ್ ಬರ್ತಾ' ಎಂದು ಹೆಸರಾದ ಅದು 1956ರವರೆಗೆ ಆ ಎರಡು ಮೈಲಿಯಲ್ಲೇ ಗಾಡಿಗಳನ್ನು ತಳ್ಳುತ್ತಾ ಕೆಳಗೆ ಬರುತ್ತಾ ಇತ್ತು. ಅಲ್ಲಿ ಬ್ಯಾಂಕರನ್ನು ಗಾಡಿಗೆ ಕಟ್ಟುತ್ತಲೂ ಇರಲಿಲ್ಲ. ಹಿಂದಿನಿಂದ ಬಂದು ತಾಗಿ ತಳ್ಳಿ, ತುದಿಯಲ್ಲಿ ಗಾಡಿ ನಿಲ್ಲದೆ ಮುಂದೆ ಹೋದಂತೆ ತಾನು ಹಿಂದುಳಿಯುತ್ತಿತ್ತು. ಅಮೆರಿಕದಲ್ಲಿ ಪೆನ್ಸಿಲ್ವೇನಿಯದ ಆಲ್ಟೂನ ಊರಿನ ಬಳಿ 1854ರಲ್ಲಿ ತೆರೆದ ಹಾರ್ಸ್‌ಶೂ ಕರ್ವ್ ಹಾದಿಯಲ್ಲಿ ನೆರವಿನ ಎಂಜಿನ್‌ಗಳು ಇಂದಿಗೂ ದುಡಿಯುತ್ತಿವೆ.

ಇದರ ಹಿಂದಿನ ಅರ್ಥಶಾಸ್ತ್ರವನ್ನು ಬಿಡಿಸಿ ಹೇಳಿದವರಲ್ಲಿ ಅಮೆರಿಕದ ಎಂಜಿನಿಯರ್ ಆರ್ಥರ್ ವೆಲ್ಲಿಂಗ್ಟನ್ ಮುಖ್ಯ. ರೈಲು ಹಾದಿಯ ಆಯ್ಕೆಯ ಬಗ್ಗೆ 1887ರಲ್ಲಿ ಬಂದ ಅವರ ದೊಡ್ಡ ಗ್ರಂಥದಲ್ಲಿ ಬ್ಯಾಂಕರ್ ಏರುಗಳ ವಿಚಾರವೂ ಇದೆ. ಒಂದು ಹಾದಿಯಲ್ಲಿ ಗಾಡಿ ಎಷ್ಟು ಭಾರ ಎಳೆಯಬಹುದು ಎಂಬುದನ್ನು ಆ ಹಾದಿಯ ಅತಿ ಕಡಿದಾದ ಏರೇ ನಿರ್ಧರಿಸುತ್ತದೆ. ಏರು ಐದಾರು ಕಡೆ ಚದುರಿದ್ದರೆ ಎಲ್ಲ ಕಡೆಯೂ ತೊಂದರೆ. ಅದಕ್ಕಿಂತ ಏರುವುದೆಲ್ಲವನ್ನೂ ಒಂದೇ ಕಡೆ ಒಟ್ಟುಮಾಡಿ, ಅಲ್ಲಿಗೆ ಮಾತ್ರ ನೆರವಿನ ಎಂಜಿನ್ ಇಟ್ಟು, ಉಳಿದ ಹಾದಿಯನ್ನು ಸಮವಾಗಿ ಇಟ್ಟುಕೊಳ್ಳುವುದು ಲಾಭ. ಬ್ಯಾಂಕರ್ ಇಡಬೇಕಾದ ಏರು ಎಂದರೆ ಹಾದಿ ಹಾಕಿದವರ ಸೋಲು ಎಂದು ಎಣಿಸಬೇಕಾಗಿಲ್ಲ. ಅನೇಕ ಕಡೆ ಅದು ಬೇಕೆಂದೇ ಮಾಡಿದ ಆಯ್ಕೆ.

ಪಶ್ಚಿಮ ಘಟ್ಟದಲ್ಲಿ ಈ ಆಯ್ಕೆಯನ್ನು ನಿಸರ್ಗವೇ ಮಾಡಿಟ್ಟಿದೆ. ಪೂರ್ವಕ್ಕೆ ಪ್ರಸ್ಥಭೂಮಿ ನಿಧಾನವಾಗಿ ಇಳಿದರೆ, ಪಶ್ಚಿಮಕ್ಕೆ ಬೆಟ್ಟ ಗೋಡೆಯಾಗಿ ಕೊಂಕಣದ ಕಡೆ ಬೀಳುತ್ತದೆ. ಮುಂಬಯಿಯಿಂದ ಒಳನಾಡಿಗೆ ರೈಲು ಒಯ್ಯಬೇಕೆಂದು ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗೆ ಎರಡು ಕಡೆ ಈ ಗೋಡೆ ಎದುರಾಯಿತು: ಪುಣೆಯ ದಾರಿಯಲ್ಲಿ ಬೋರ್ ಘಾಟ್, ನಾಸಿಕದ ದಾರಿಯಲ್ಲಿ ಥಲ್ ಘಾಟ್. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಯೋಜಿಸಿದ ಬೋರ್ ಘಾಟ್ ಹಾದಿ 1863ರಲ್ಲಿ ತೆರೆಯಿತು. ಸುಮಾರು 25 ಕಿಲೋಮೀಟರಿನಲ್ಲಿ ಅದು 550 ಮೀಟರಿಗೂ ಹೆಚ್ಚು ಮೇಲೇರುತ್ತದೆ. ಅತಿ ಕಡಿದಾದಲ್ಲಿ ಏರು 37ಕ್ಕೆ 1. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ ಭಾರತಕ್ಕೆ ಬಂದ ಸ್ವಲ್ಪ ಸಮಯಕ್ಕೇ 1859ರಲ್ಲಿ ತೀರಿಕೊಂಡಾಗ ಅವರ ಹೆಂಡತಿ ಆಲಿಸ್ ಗುತ್ತಿಗೆಯನ್ನು ಕೈಬಿಡದೆ ಮುಂದುವರಿಸಿದರು. ಕಾಲರಾ, ಜ್ವರ, ಬಂಡೆ ಸಿಡಿಸುವಾಗಿನ ಅವಘಡಗಳಿಗೆ ಇಲ್ಲಿ ಸಾವಿರಾರು ಕೂಲಿಗಳು ಬಲಿಯಾದರು. ಇವರಾರ ಹೆಸರೂ ಉಳಿದಿಲ್ಲ ಎಂಬುದನ್ನು ಬೋರ್ ಘಾಟಿನ ಬಗ್ಗೆ ಬರೆಯುವಾಗ ಮರೆಯಬಾರದು.

ಮೊದಲ ಹಾದಿಯಲ್ಲಿ ಬೆಟ್ಟದ ಒಂದು ಕಡೆ ತಿರುಗಲು ಜಾಗವೇ ಸಿಗದೆ, ಗಾಡಿ ನಿಂತು ದಿಕ್ಕು ಬದಲಿಸಿ ಹತ್ತುವ ಒಂದು ನಿಲ್ದಾಣ ಇತ್ತು. 1929ರಲ್ಲಿ ಹೊಸ ಸುರಂಗಗಳ ಹಾದಿ ಬಂದು ಆ ನಿಲ್ದಾಣ ಮುಚ್ಚಿತು, ಪುಣೆಯವರೆಗೆ ವಿದ್ಯುತ್ತೂ ಬಂತು. ಆಗ ಗೂಡ್ಸ್ ಗಾಡಿಗಳಿಗೆಂದು ತಂದ ಎಂಜಿನ್‌ಗಳು ಸ್ವಿಟ್ಜರ್ಲೆಂಡಿನ ಬೆಟ್ಟಗಳ ಎಂಜಿನ್ನಿನ ಬಳಗದವು: ಮುಂದೆ ಹಿಂದೆ ಉದ್ದನೆಯ ಮೂತಿ, ನಡುವೆ ಕ್ಯಾಬು, ತಿರುವಿನಲ್ಲಿ ಬಳುಕಲೆಂದು ಮೂರು ತುಂಡಾದ ಮೈ. ನಂತರ ಡಬ್ಲ್ಯುಸಿಜಿ-1 ಎನಿಸಿಕೊಂಡ ಈ 41 ಎಂಜಿನ್‌ಗಳು ದಶಕಗಳ ಕಾಲ ಈ ಘಟ್ಟಗಳಲ್ಲಿ ದುಡಿದವು. ಚಿತ್ತರಂಜನ್ ಕಾರ್ಖಾನೆ 1970ರಿಂದ ಕಟ್ಟಿದ 57 ಡಬ್ಲ್ಯುಸಿಜಿ-2 ಎಂಜಿನ್‌ಗಳು ಬ್ಯಾಂಕರಿನ ಕೆಲಸಕ್ಕೇ ಹೆಸರಾದವು. ಇಲ್ಲಿ ಪ್ರಯಾಣಿಕರ ಗಾಡಿಗಳಿಗೂ ಬ್ಯಾಂಕರ್ ಬೇಕು. ಪುಣೆಯ ಕಡೆ ಹೊರಟ ಎಕ್ಸ್‌ಪ್ರೆಸ್ ಘಟ್ಟದ ಬುಡದ ಕರ್ಜತ್‌ನಲ್ಲಿ ನಿಂತು, ಪ್ರಯಾಣಿಕರು ಬಟಾಟೆ ವಡೆ ಕೊಳ್ಳುವ ಹೊತ್ತಿಗೆ ಹಿಂದೆ ಎಂಜಿನ್ ಬಂದು ಸೇರಿರುತ್ತದೆ. ಬೋರ್, ಥಲ್ ಎರಡೂ ಘಟ್ಟಗಳಲ್ಲಿ ಮೂರು ಹಳಿಗಳಿರುವುದರಿಂದ ಬ್ಯಾಂಕರ್‌ಗಳ ಓಡಾಟಕ್ಕೆ ಅಷ್ಟರಮಟ್ಟಿಗೆ ಅನುಕೂಲ.

ಕರ್ನಾಟಕಕ್ಕೆ ಸಂಬಂಧಪಟ್ಟ ಘಟ್ಟದ ಹಾದಿಗಳಲ್ಲಿ ಹಳೆಯದು ಬ್ರಗಾಂಜಾ ಘಾಟ್. ಗೋವಾದ ಕುಳೆಯಿಂದ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ, ದೂಧ್‌ಸಾಗರ ಜಲಪಾತದ ಪಕ್ಕದಲ್ಲೇ ಹತ್ತುವ ಸುಮಾರು 26 ಕಿಲೋಮೀಟರ್ ಹಾದಿ ಇದು. ಮುರ್ಮಗೋವಾ ಬಂದರನ್ನು ಒಳನಾಡಿಗೆ ಜೋಡಿಸಲೆಂದು ಪೋರ್ಚುಗೀಸರ ಕಾಲದಲ್ಲಿ, 1880ರ ದಶಕದಲ್ಲಿ, ಮೀಟರ್‌ಗೇಜ್ ಆಗಿ ಹಾಕಿದ್ದು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಇಲ್ಲೂ ಏರು 37ಕ್ಕೆ 1. ಬಹಳ ಕಾಲ ಈ ಹಾದಿಯಲ್ಲಿ ಭಾರದ ಸರಕು ಎಂದರೆ ಹೊಸಪೇಟೆ, ಬಳ್ಳಾರಿ ಕಡೆಯಿಂದ ಬಂದರಿಗೆ ಇಳಿಯುವ ಕಬ್ಬಿಣದ ಅದಿರು. 2010ರಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತು ನಿಲ್ಲಿಸಿದ ಮೇಲೆ ಆ ಸಾಗಣೆ ಕುಗ್ಗಿತು. ಹೊರದೇಶಗಳಿಂದ ಇದೇ ಬಂದರಿಗೆ ಬಂದಿಳಿದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಹೊರಡುವ ಕಲ್ಲಿದ್ದಲಿಗೆ ಮಾತ್ರ ಈ ಘಟ್ಟ ಹತ್ತದೆ ಗತ್ಯಂತರವಿಲ್ಲ. ಭಾರ ಕೆಳಗಿಳಿಯುವಾಗ ಎಂಜಿನ್ನಿನ ಕೆಲಸ ಮುಖ್ಯವಾಗಿ ತಡೆಯುವುದು. ಭಾರ ಮೇಲೇರುವಾಗ ಮುಂದೆಯೂ ಹಿಂದೆಯೂ ಒಂದಕ್ಕಿಂತ ಹೆಚ್ಚು ಎಂಜಿನ್ ಕಟ್ಟಬೇಕಾಗುತ್ತದೆ.

ಇನ್ನೊಂದು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರ್. ಹಾಸನ–ಮಂಗಳೂರು ಮೀಟರ್‌ಗೇಜ್ ಹಾದಿಯ ಭಾಗವಾಗಿ 1979ರಲ್ಲಿ ತೆರೆದದ್ದು. ಬ್ರಾಡ್‌ಗೇಜ್ ಆದ ಮೇಲೆ 2006ರಲ್ಲಿ ಗೂಡ್ಸ್, 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿಗಳು ಶುರುವಾದವು. ಏರು 50ಕ್ಕೆ 1, ಬೋರ್ ಘಾಟಿನಷ್ಟು ಕಡಿದಲ್ಲ. ಆದರೆ ಉದ್ದ ಅದರ ಎರಡು ಪಟ್ಟು. 57 ಸುರಂಗ, ನೂರಾರು ಸೇತುವೆ, ಎಂಟು ಡಿಗ್ರಿಯವರೆಗಿನ ತಿರುವುಗಳು. ಗಾಡಿ ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಾಲ್ ದಾಟಿ ಮೇಲೆ ಬರುವಷ್ಟರಲ್ಲಿ ಗಾಡಿ 700 ಮೀಟರಿಗೂ ಹೆಚ್ಚು ಎತ್ತರ ಏರಿರುತ್ತದೆ. ಇಡೀ ಹಾದಿಗೆ ಇರುವುದು ಒಂದೇ ಹಳಿ. ಮೇಲೆ ಬಂದ ಬ್ಯಾಂಕರ್ ಬರಿದೇ ಕೆಳಗಿಳಿದರೆ ಅಷ್ಟು ಹೊತ್ತು ಬೇರೆ ಗಾಡಿಗೆ ಹಾದಿಯಿಲ್ಲ. ಹೀಗಾಗಿ ಒಂಟಿ ಹಳಿಯ ಘಟ್ಟದಲ್ಲಿ ಬ್ಯಾಂಕರನ್ನು ಇಳಿಯುವ ಗಾಡಿಗೇ ಕಟ್ಟಿ ಕಳಿಸಿದರೆ ಎರಡು ಲಾಭ: ಹಾದಿಯೂ ಉಳಿಯುತ್ತದೆ, ಇಳಿಜಾರಿನಲ್ಲಿ ಹೆಚ್ಚಿನ ಬ್ರೇಕೂ ಸಿಗುತ್ತದೆ.

ಬ್ಯಾಂಕರ್ ಕಟ್ಟುವುದು ಬರೀ ಎಂಜಿನ್ ತಂದು ತಾಗಿಸುವ ಕೆಲಸವಲ್ಲ. ಎಂಜಿನ್ ನಡಿಗೆಯ ವೇಗಕ್ಕಿಂತಲೂ ನಿಧಾನವಾಗಿ ಹಿಂದಿನಿಂದ ಬಂದು ಕಡೆಯ ಬ್ರೇಕ್‌ವ್ಯಾನಿಗೆ ಒತ್ತಿಕೊಳ್ಳುತ್ತದೆ. ಬಿಗಿಮುಷ್ಟಿಯ ಆಕಾರದ ಎರಡು ಉಕ್ಕಿನ ಕಪ್ಲರ್‌ಗಳು ಖಟ್ಟನೆ ಕಚ್ಚಿಕೊಳ್ಳುತ್ತವೆ. ಅವು ನಿಜಕ್ಕೂ ಬೀಗ ಬಿದ್ದಿವೆಯೇ ಎಂದು ನೋಡಿದ ಮೇಲೆ ಬ್ರೇಕಿನ ರಬ್ಬರ್ ಕೊಳವೆಗಳನ್ನು ಜೋಡಿಸಿ ಕಾಕ್ ತಿರುಗಿಸುತ್ತಾರೆ. ಹಿಸ್ಸೆಂದು ಗಾಳಿ ನುಗ್ಗಿ ಇಡೀ ಗಾಡಿಯ ಕೊಳವೆ ಒಂದಾಗುತ್ತದೆ. ಮುಂದಿನ ಎಂಜಿನ್ ಆ ಕೊಳವೆಯಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಇಟ್ಟಿರುತ್ತದೆ. ಬಾಲದ ಮಾಪಕದಲ್ಲೂ ಮುಳ್ಳು ಅದರ ಹತ್ತಿರಕ್ಕೆ ಬರಬೇಕು. ಆಮೇಲೆ ಮುಂದಿನಿಂದ ಬ್ರೇಕ್ ಹಾಕಿ, ಹಿಂದೆ ಮುಳ್ಳು ಇಳಿಯುವುದನ್ನೂ ಬಿಟ್ಟಾಗ ಮತ್ತೆ ಏರುವುದನ್ನೂ ಖಚಿತಪಡಿಸಿಕೊಳ್ಳುತ್ತಾರೆ. ಏರುವಾಗ ಇಡೀ ಗಾಡಿಯ ಬ್ರೇಕ್ ಮುಂದಿನ ಲೋಕೊ ಪೈಲಟ್‌ನ ಕೈಯಲ್ಲಿರುತ್ತದೆ. ಬ್ಯಾಂಕರಿನವರು ಅದರಲ್ಲಿ ಕೈಹಾಕುವಂತಿಲ್ಲ, ತುರ್ತು ಬಂದರೆ ಮಾತ್ರ ಹಾಕಬಹುದು.

ಗಾಡಿ ಹೊರಡಿಸುವುದೇ ನಾಜೂಕಿನ ಗಳಿಗೆ. ಒಂದೊಂದು ಕಪ್ಲಿಂಗಿನಲ್ಲೂ ಕೆಲವು ಸೆಂಟಿಮೀಟರ್ ಸಡಿಲ ಇರುತ್ತದೆ. 58 ವ್ಯಾಗನ್‌ಗಳಲ್ಲಿ ಅದು ಕೂಡಿ ಮೀಟರುಗಟ್ಟಲೆ ಆಗುತ್ತದೆ. ಮುಂದಿನವರು ಒಮ್ಮೆಲೇ ಜಗ್ಗಿದರೆ ಆ ಸಡಿಲವೆಲ್ಲ ಹೊಡೆತವಾಗಿ ಮಾರ್ಪಡುತ್ತದೆ. ಹಿಂದಿನವರು ಮೊದಲೇ ಬಲ ಕೊಟ್ಟು ಮುಂದಿನವರು ಬ್ರೇಕ್ ಬಿಡದೆ ಇದ್ದರೆ ನಡುವಿನ ವ್ಯಾಗನ್‌ಗಳು ಹಿಂಡಿಹೋಗುತ್ತವೆ. ಎಂಜಿನ್‌ಗಳೆಲ್ಲ ಸೇರಿ ಗಾಡಿ ಸುಮಾರು 700 ಮೀಟರ್ ಉದ್ದ. ಘಟ್ಟದ ತಿರುವುಗಳಲ್ಲಿ ಮುಂದಿನ ಎಂಜಿನ್ ಒಂದು ಸುರಂಗದಲ್ಲಿದ್ದರೆ ಹಿಂದಿನದು ಇನ್ನೊಂದರಲ್ಲಿ. ಒಬ್ಬರಿಗೊಬ್ಬರು ಕಾಣುವುದೇ ಇಲ್ಲ. ಹಳೆಯ ಕಾಲದಲ್ಲಿ ಸಿಳ್ಳೆಯ ಸಂಕೇತಗಳೇ ಎಲ್ಲ ಆಗಿದ್ದವು. ಈಗ ವಾಕಿಟಾಕಿಯ ಮಾತೂ ಜೊತೆಗಿದೆ. ಅದಕ್ಕಿಂತ ಹೆಚ್ಚಾಗಿ, ಯಾವ ಕಿಲೋಮೀಟರ್ ಕಲ್ಲಿನ ಬಳಿ ಏರು ಬಿಗಿಯಾಗುತ್ತದೆ, ಎಲ್ಲಿ ಹಳಿ ಸದಾ ಒದ್ದೆ ಎಂಬ ಹಾದಿಯ ಪರಿಚಯ ಬೇಕು. ಘಟ್ಟದಲ್ಲಿ ಗಾಡಿ ಓಡಿಸುವವರಿಗೆ ಪ್ರತ್ಯೇಕ ತರಬೇತಿ ಇರುವುದು ಇದಕ್ಕಾಗಿಯೇ. ಉಗಿಬಂಡಿಯ ಕಾಲದಲ್ಲಿ ಸುರಂಗದೊಳಗೆ ಹಿಂದಿನ ಎಂಜಿನ್ನಿನವರು ಮುಂದಿನ ಎಂಜಿನ್‌ಗಳ ಹೊಗೆಯನ್ನೂ ಉಸಿರಾಡಬೇಕಿತ್ತು. ಹೊಗೆಯ ಕಾಟ ತಾಳದೆ ಕ್ಯಾಲಿಫೋರ್ನಿಯದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಸದರ್ನ್ ಪೆಸಿಫಿಕ್ ಕಂಪನಿ, ಚಾಲಕರ ಕ್ಯಾಬು ಚಿಮಣಿಗಿಂತ ಮುಂದಿರುವ ಎಂಜಿನ್‌ಗಳನ್ನೇ ಮಾಡಿಸಿಕೊಂಡಿತ್ತು.

ಏರುವುದಕ್ಕಿಂತ ಇಳಿಯುವುದು ಹೆಚ್ಚು ಅಪಾಯದ್ದು. ಏರುವ ಗಾಡಿಯ ಬಲ ಕಡಿಮೆಯಾದರೆ ಅದು ನಿಲ್ಲುತ್ತದೆ. ಇಳಿಯುವ ಗಾಡಿಯ ಹಿಡಿತ ತಪ್ಪಿದರೆ ಓಡುತ್ತದೆ. 5,000 ಟನ್ ಭಾರವನ್ನು ಬೋರ್ ಘಾಟಿನ 550 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 7,500 ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕು. ಅದೇ ಭಾರ ಇಳಿಯುವಾಗ ಅಷ್ಟೂ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಗಾಲಿಯ ಬ್ರೇಕ್ ಬ್ಲಾಕುಗಳೇ ಅದನ್ನೆಲ್ಲ ಶಾಖವಾಗಿ ನುಂಗಬೇಕೆಂದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಆದ್ದರಿಂದ ಇಳಿಜಾರಿನಲ್ಲಿ ಎಂಜಿನ್ನಿನ ಮೋಟಾರುಗಳನ್ನೇ ಜನರೇಟರಾಗಿ ತಿರುಗಿಸಿ ಗಾಡಿಯನ್ನು ತಡೆಯುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಹೀಗೆ ಹುಟ್ಟಿದ ವಿದ್ಯುತ್ತು ದೊಡ್ಡ ತಂತಿಸುರುಳಿಗಳಲ್ಲಿ ಕಾದು ಗಾಳಿಗೆ ಹೋಗುತ್ತದೆ. ಇಂದಿನ ವಿದ್ಯುತ್ ಎಂಜಿನ್‌ಗಳು ಅದನ್ನು ಮೇಲಿನ ತಂತಿಗೇ ಮರಳಿಸುತ್ತವೆ, ಹತ್ತುತ್ತಿರುವ ಇನ್ನೊಂದು ಗಾಡಿ ಅದನ್ನು ಬಳಸಿಕೊಳ್ಳಬಹುದು. ಘಟ್ಟದ ವಿದ್ಯುದೀಕರಣದ ನಿಜವಾದ ಗಳಿಕೆ ಇದು. ಇಷ್ಟಾದರೂ ಭರವಸೆ ಸಾಲದೆಂದು ಕಡಿದಾದ ಘಟ್ಟಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ, ಬೆಟ್ಟದ ಕಡೆಗೆ ಏರಿ ನಿಲ್ಲುವ ಅಡ್ಡಹಳಿಗಳಿರುತ್ತವೆ. ಇಳಿದು ಬಂದ ಗಾಡಿ ಅದಕ್ಕೆ ಮೊದಲೇ ನಿಂತು, ತಾನು ಹತೋಟಿಯಲ್ಲಿದ್ದೇನೆಂದು ತೋರಿಸಿದ ಮೇಲಷ್ಟೇ ಮುಖ್ಯ ಹಳಿಗೆ ದಾರಿ ಬಿಡುತ್ತಾರೆ. ಹತೋಟಿ ತಪ್ಪಿದ ಗಾಡಿ ನೇರ ಆ ಏರಿಗೆ ನುಗ್ಗಿ ವೇಗ ಕಳೆದುಕೊಳ್ಳುತ್ತದೆ.

ಹಿಡಿತದ ಮಿತಿಯನ್ನೇ ದಾಟುವ ಬೇರೆ ಉಪಾಯವೂ ಇದೆ. ನೀಲಗಿರಿಯ ಕಲ್ಲಾರ್–ಕೂನೂರು ನಡುವೆ ಏರು 12ಕ್ಕೆ 1ರಷ್ಟು. ಅಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಹತ್ತುವಂತೆ ಮಾಡಿದ್ದಾರೆ. ಎಂಜಿನ್ ಸದಾ ಇಳಿಜಾರಿನ ಕಡೆಗೇ ಇದ್ದು ಡಬ್ಬಿಗಳನ್ನು ಮೇಲಕ್ಕೆ ತಳ್ಳುತ್ತದೆ. ನಾಲ್ಕು ಡಬ್ಬಿಯ ಪ್ರವಾಸಿ ಗಾಡಿಗೆ ಇದು ಸರಿ. ಸಾವಿರಾರು ಟನ್ ಸರಕಿಗೆ ಆಗದು.

ಬ್ಯಾಂಕರಿನಲ್ಲಿ ಪ್ರತ್ಯೇಕ ಸಿಬ್ಬಂದಿ ಇರಬೇಕಾದ ಅಗತ್ಯವನ್ನು ರೇಡಿಯೊ ತಂತ್ರಜ್ಞಾನ ಕಡಿಮೆ ಮಾಡುತ್ತಿದೆ. ಅಮೆರಿಕದಲ್ಲಿ 1960ರ ದಶಕದಿಂದಲೇ, ಮುಂದಿನ ಎಂಜಿನ್ನಿನ ಚಾಲಕ ರೇಡಿಯೊ ಸಂಕೇತದ ಮೂಲಕ ನಡುವಿನ, ಹಿಂದಿನ ಎಂಜಿನ್‌ಗಳನ್ನೂ ನಡೆಸುವ ವ್ಯವಸ್ಥೆ ಬಂತು. ಎಲ್ಲ ಎಂಜಿನ್‌ಗಳೂ ಒಂದೇ ಕೈಯ ಮಾತು ಕೇಳುವುದರಿಂದ ಎಳೆತವೂ ತಳ್ಳುವಿಕೆಯೂ ಹೊಂದಿಕೊಂಡು ಹೋಗುತ್ತವೆ. ಭಾರತೀಯ ರೈಲ್ವೆಯೂ ಇಂಥ ವ್ಯವಸ್ಥೆಯನ್ನು ಎಂಜಿನ್‌ಗಳಿಗೆ ಅಳವಡಿಸುತ್ತಿದೆ. ರೇಡಿಯೊ ಸಂಕೇತ ಕಡಿದುಹೋಗಬಲ್ಲ ಸುರಂಗಗಳೇ ಇದಕ್ಕೆ ದೊಡ್ಡ ತೊಡಕು. ಸಂಕೇತ ತಪ್ಪಿದಾಗ ಹಿಂದಿನ ಎಂಜಿನ್ ಏನು ಮಾಡಬೇಕೆಂಬುದನ್ನು ಮೊದಲೇ ಅದರೊಳಗೆ ಬರೆದಿಟ್ಟಿರಬೇಕಾಗುತ್ತದೆ.

ಏರನ್ನೇ ಇಲ್ಲವಾಗಿಸುವುದು ಕಡೆಯ ಪರಿಹಾರ, ಎಲ್ಲಕ್ಕಿಂತ ದುಬಾರಿಯಾದದ್ದೂ ಹೌದು. ಭಾರತದ ಸರಕು ಸಾಗಣೆಗೆಂದೇ ಹಾಕಿರುವ ಹೊಸ ಕಾರಿಡಾರುಗಳಲ್ಲಿ ಏರು 200ಕ್ಕೆ 1ಕ್ಕಿಂತ ಹೆಚ್ಚದಂತೆ ನೋಡಿಕೊಂಡಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ 1882ರ ಗೊಟ್ಟಾರ್ಡ್ ಹಾದಿಯ ಕಡಿದಾದ ಏರೂ ಬೋರ್ ಘಾಟಿನಷ್ಟೇ, ಸಾವಿರಕ್ಕೆ 27. ಅಲ್ಲೂ ಭಾರದ ಗಾಡಿಗಳಿಗೆ ಹೆಚ್ಚುವರಿ ಎಂಜಿನ್ ಬೇಕಿತ್ತು. 2016ರಲ್ಲಿ ಬೆಟ್ಟದ ಬುಡದಲ್ಲೇ 57 ಕಿಲೋಮೀಟರ್ ಉದ್ದದ ಸುರಂಗ ತೆರೆಯಿತು. ಹಳೆಯ ಹಾದಿ ಸಮುದ್ರಮಟ್ಟದಿಂದ 1,151 ಮೀಟರಿನವರೆಗೆ ಏರುತ್ತಿತ್ತು. ಹೊಸದರ ಅತಿ ಎತ್ತರದ ಜಾಗ 549 ಮೀಟರ್. ಸರಕು ಗಾಡಿಗಳು ಈಗ ಆ ಬೆಟ್ಟವನ್ನು ಹತ್ತುವ ಬದಲು ಅದರ ಕೆಳಗೆ ಹಾದುಹೋಗುತ್ತವೆ.